ಸೈಜಕ್ಕ
ಬರಿಗಣ್ಣಿಗೆ ಕಾಣದ ಹರಳುಗಳನ್ನು ಒಂದೇ ಅಳತೆಗೆ ಬೆಳೆಸುವ ಪ್ರಯೋಗಾಲಯದ ಮುಖ್ಯಸ್ಥೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೈಜಕ್ಕ. ಆಕೆಯ ಸ್ವಂತ ಸೈಜು ಮಾತ್ರ ಸ್ಟೂಲು ಹತ್ತದೆ ಫ್ಲಾಸ್ಕಿನ ಬಾಯಿ ಕಾಣದಷ್ಟು. ಕಾದ ಎಣ್ಣೆಗೆ ಆಕೆ ಸಿರಿಂಜಿನಿಂದ ರಸಾಯನ ಚಿಮ್ಮಿಸುವಾಗ ಯಾರಾದರೂ ಸೀನಿದರೆ ಅವರ ಪಿಎಚ್‌ಡಿ ಒಂದು ವರ್ಷ ಮುಂದಕ್ಕೆ ಹೋಯಿತೆಂದೇ ಲೆಕ್ಕ. “ಬೇಗ ಒಡೆಯೋ ರಸಾಯನ ಹಾಕಿದ್ರೆ ಹರಳಿನ ಮೊಳಕೆ ಜಾಸ್ತಿ. ಇರೋ ಸರಕು ಅಷ್ಟೇ. ಉಣ್ಣೋ ಬಾಯಿ ಹೆಚ್ಚಾದ್ರೆ ಎಲ್ಲಾ ಸಣ್ಣಗೇ ಉಳೀತವೆ. ದೊಡ್ಡದು ಬೇಕಾ? ನಿಧಾನಕ್ಕೆ ಒಡೆಯೋದು ಹಾಕಿ,” ಎಂಬ ಪಾಠವನ್ನು ಕರೆಂಟ್ ರಿಪೇರಿಗೆ ಬಂದವನಿಗೂ ಹೇಳದೆ ಬಿಟ್ಟವಳಲ್ಲ. ಆದರೆ ಆಕೆ ನಿಜಕ್ಕೂ ಕೆಂಡವಾಗುವುದು ಯಾರಾದರೂ ಫ್ಲಾಸ್ಕನ್ನು ಬಿಸಿಯಲ್ಲೇ ಮರೆತಾಗ. ಹೊತ್ತು ಮೀರಿದರೆ ಸಣ್ಣ ಹರಳುಗಳು ಕರಗಿ, ಆ ಸರಕನ್ನು ನುಂಗಿ ದೊಡ್ಡವು ಕೊಬ್ಬುತ್ತವೆ. “ಸಣ್ಣವನ್ನ ಕರಗಿಸಿ ದೊಡ್ಡವನ್ನ ಸಾಕ್ತೀರಾ? ನಾಚಿಕೆ ಆಗಲ್ವಾ?” ಎಂದು, ಮನೆಗೆ ಕಳ್ಳರು ನುಗ್ಗಿದಂತೆ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಾಡುತ್ತಾಳೆ. ಹರಳಿಗೇಕೆ ಇಷ್ಟು ರಂಪ ಎಂದು ಹುಡುಗರು ಮುಸಿಮುಸಿ ನಗುತ್ತಿದ್ದರು. ಮೊನ್ನೆ ಆಕೆಯ ತಮ್ಮಂದಿರು, ತಂಗಿಯರು ನೋಡಲು ಬಂದರು. ಒಬ್ಬೊಬ್ಬರೂ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರಬೇಕಾದ ಎತ್ತರದವರು. ಅಕ್ಕ ಅತ್ತ ಸ್ಟೂಲು ಹತ್ತಿದ್ದೇ ತಡ, ವಿದ್ಯಾರ್ಥಿಯೊಬ್ಬ ತಡೆಯಲಾರದೆ ಕೇಳಿಬಿಟ್ಟ: “ನಿಮ್ಮನೇಲಿ ಮೇಡಂ ಒಬ್ರೇ ಯಾಕೆ ಇಷ್ಟು ಕುಳ್ಳಗೆ?” ಕಿರಿಯ ತಂಗಿ ನಗಲಿಲ್ಲ. “ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗೆಲ್ಲ ಅಕ್ಕ ‘ನಂದು ಆಗ್ಲೇ ಆಯ್ತು’ ಅಂತಿದ್ಲು,” ಎಂದಳು. “ನಾವು ನಂಬ್ತಿದ್ವಿ.”