ಚಿಂದಿ ಕಟ್ಟಿದ ಗಿಡ

ಶಿರಸ್ತೇದಾರಿಕೆ ಮುಗಿಸಿ ಪೆನ್ಷನ್ ತಗೊಂಡು ಲಕ್ಷ್ಮೀಪುರಂನಲ್ಲಿ ಕೂತ ಸದಾಶಿವಯ್ಯನವರಿಗೆ ಗದರಿಸೋಕೆ ಗುಮಾಸ್ತರೇ ಇಲ್ಲದಂತಾಯ್ತು. ಅದಕ್ಕೇ ಬದನೆಕಾಯಿಗೆ ಗಂಟುಬಿದ್ದರು, ಪುಣ್ಯಾತ್ಮರು!

ಈರನಗೆರೆಯ ಅವರ ತೋಟವನ್ನು, ಬೆಳೆದದ್ದರಲ್ಲಿ ಪಾಲು ಕೊಟ್ಟು, ವಾರಕ್ಕೆ ಮಾಡುತ್ತಿದ್ದವಳು ಸವರಿಯಮ್ಮ. ಗಂಡ ಸತ್ತು ಇಪ್ಪತ್ತು ವರ್ಷ. ಬೇರೆ ಗೇಣು ನೆಲವಿಲ್ಲ. ಅತ್ತೆ ಕಲಿಸಿದ ಪದ್ಧತಿ ಮಾತ್ರ ಬಿಟ್ಟವಳಲ್ಲ. ಯಾವ ಗಿಡ ಮೈತುಂಬ ಕಾಯಿ ಬಿಡುತ್ತೋ ಅದಕ್ಕೊಂದು ಕೆಂಪು ಚಿಂದಿ ಕಟ್ಟೋದು. ಚಿಂದಿ ಕಂಡರೆ ಕಳ್ಳನೂ ಆ ಗಿಡ ಮುಟ್ಟುತ್ತಿರಲಿಲ್ಲ. ಕಾಯಿ ಹಳದಿಗೆ ತಿರುಗಿದ ಮೇಲೆ ಬೀಜ ತೆಗೆದು, ಒಣಗಿಸಿ, ಬೂದಿ ಸಗಣಿ ಬೆರೆಸಿ ಬಿಲ್ಲೆ ತಟ್ಟಿ ಒಲೆಯ ಪಕ್ಕದ ಗೋಡೆಗೆ ಮೆತ್ತುತ್ತಿದ್ದಳು.

ಆ ವರ್ಷ ತಿಪ್ಪೆ ಪಕ್ಕದ ಗಿಡದಲ್ಲಿ ಮೊಳದುದ್ದದ ಕಾಯಿ ಕಂಡು ಸದಾಶಿವಯ್ಯ ಕುಣಿದಾಡಿಬಿಟ್ಟರು. ಇನ್ನು ತೋಟಕ್ಕೆಲ್ಲ ಇದರ ಬೀಜವೇ ಎಂದರು.

“ಆ ಗಿಡ ಬುಟ್ಟಿರೋದೇ ಎರಡು ಕಾಯಿ, ಬುದ್ಧಿ. ತಿಪ್ಪೆ ಗೊಬ್ಬರ ತಿಂದು ಊದ್ಕೊಂಡದೆ. ಕಾಯಿ ನೋಡ್ಬ್ಯಾಡಿ, ಗಿಡ ನೋಡಿ. ತಾಯಿಯಂತೆ ಮಗಳು ಅನ್ನಲ್ವಾ?”

“ದೊಡ್ಡದರ ಬೀಜಕ್ಕೆ ದೊಡ್ಡದೇ ಹುಟ್ಟೋದು. ಪುಸ್ತಕದಲ್ಲಿದೆ ಕಣೇ! ಅಕ್ಷರ ಬರದೋಳು ನನಗೆ ಹೇಳ್ತೀಯಾ?”

ಎರಡು ಬೀಜ ಬೆರೆಯಬಾರದಂತೆ! ಚಿಂದಿ ಕಟ್ಟಿದ ಗಿಡಗಳನ್ನೆಲ್ಲ ಆ ಮಹಾಶಯರು ಕಾಯಿ ಬಲಿಯೋ ಮೊದಲೇ ತಮ್ಮ ಕೈಯಾರೆ ಕಿತ್ತೆಸೆದರು. ಸವರಿಯಮ್ಮ ಬಿದ್ದ ಚಿಂದಿಗಳನ್ನು ಆಯ್ದು ಮಡಿಲಿಗೆ ಹಾಕಿಕೊಂಡಳು. ಬಾಯಿಬಿಟ್ಟರೆ ತೋಟ ಹೋಗುತ್ತೆ. ಗೋಡೆಯ ಮೇಲೆ ಉಳಿದಿದ್ದು ಹೋದ ವರ್ಷದ ಒಂದೇ ಒಂದು ಬಿಲ್ಲೆ.

ಮುಂದಿನ ಬೆಳೆಗೆ ಗಿಡಗಳು ಸೊಂಟದೆತ್ತರ ಬೆಳೆದವು. ಎಲೆಯೋ ಎಲೆ. ಕಾಯಿ? ಗಿಡಕ್ಕೆ ಎರಡು, ಅವೂ ಬೆರಳುದ್ದ. ಪುಸ್ತಕದ ಬದನೆಕಾಯಿ ಅನ್ನೋ ಮಾತನ್ನು ಈರನಗೆರೆ ಅಲ್ಲಿವರೆಗೆ ಬರೀ ಕೇಳಿತ್ತು. ಈಗ ಕಣ್ಣಾರೆ ನೋಡಿತು.

ಸದಾಶಿವಯ್ಯ ಅವಳ ಬಾಗಿಲಿಗೇ ಬಂದರು. “ಹಳೇ ಬೀಜ ಇದ್ರೆ ಕೊಡು.”

ಸವರಿಯಮ್ಮ ಕೂತಲ್ಲಿಂದ ಏಳಲಿಲ್ಲ. “ಗಿಡ ಕಿತ್ತ ಕೈಗೆ ಬೀಜ ಹಾಕಲ್ಲ, ಬುದ್ಧಿ. ಅಮ್ಮಾವ್ರನ್ನ ಕಳಿಸಿ.”

“ಏನಂದೆ? ತೋಟ ಬಿಡಿಸ್ತೀನಿ ನೋಡು!”

“ಬುಡಿಸಿ. ಬಿತ್ತೋಕೆ ಏನದೆ ನಿಮ್ತಾವ?”

ಊರಿಗೆಲ್ಲ ನೋಟೀಸು ಕೊಟ್ಟ ಶಿರಸ್ತೇದಾರರು ಬಂದ ದಾರಿಗೇ ತಿರುಗಿದರು.

ಮಾರನೇ ಬೆಳಿಗ್ಗೆ ಅವರ ಹೆಂಡತಿ ಚೂಡಾಮಣಿಯಮ್ಮ ಬಂದು ಸೆರಗೊಡ್ಡಿದರು. ಸವರಿಯಮ್ಮ ಬಿಲ್ಲೆ ಮುರಿದು ಅರ್ಧ ಹಾಕಿದಳು. ಇನ್ನರ್ಧ ಗೋಡೆಯಲ್ಲೇ ಬಿಟ್ಟಳು. ಸದಾಶಿವಯ್ಯನವರ ಪುಸ್ತಕ ಇನ್ನೂ ಮನೆಯಲ್ಲೇ ಇತ್ತಲ್ಲ.