ಡಬಲ್ ಮೇಸ್ತ್ರಿಯ ಎರಡನೇ ಪಂಪು

ಅವನು ಪ್ಯಾಂಟಿಗೆ ಬೆಲ್ಟೂ ಹಾಕುತ್ತಿದ್ದ, ಒಳಗಿನಿಂದ ಒಂದು ಲಾಡಿಯನ್ನೂ ಬಿಗಿಯುತ್ತಿದ್ದ. ಗ್ಯಾರೇಜಿನ ಬಾಗಿಲಿಗೆ ಎರಡು ಬೀಗ; ಅರ್ಧ ದಾರಿ ಹೋದವನು ವಾಪಸು ಬಂದು ಎರಡನ್ನೂ ಜಗ್ಗಿ ನೋಡಿದ ಮೇಲೆಯೇ ಮನೆ. ನಟ್ಟು ಬಿಗಿದರೆ, ಕೈ ಒರೆಸಿಕೊಂಡು ಅದೇ ನಟ್ಟನ್ನು ಮತ್ತೊಮ್ಮೆ ಬಿಗಿಯುತ್ತಿದ್ದ. ಬೀದಿಯವರೆಲ್ಲ ಅವನನ್ನು ಡಬಲ್ ಮೇಸ್ತ್ರಿ ಎಂದು ಕರೆಯುತ್ತಿದ್ದದ್ದು ಅದಕ್ಕೇ. ಅದು ಬರೀ ಗೇಲಿಯ ಹೆಸರಲ್ಲ. ಡಬಲ್ ಮೇಸ್ತ್ರಿ ಕೈಯಾಡಿಸಿದ ಗಾಡಿ ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ನಂಬಿಕೆಯೂ ಅದರಲ್ಲಿ ಸೇರಿತ್ತು.

ಹುಟ್ಟು ಪುಕ್ಕಲ ಎಂದು ಅವನ ಅಮ್ಮನೇ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಬೀದಿಯಲ್ಲಿ ಲಾರಿ ಬಂದರೆ ಅವಳ ಬೆನ್ನ ಹಿಂದೆ ಹೊಕ್ಕು ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ. ಅಂಥವನು ಮೆಕ್ಯಾನಿಕ್ ಆದದ್ದೂ ಹೆದರಿಕೆಯಿಂದಲೇ. ಹಾಗೆ ಗುರುಗುಟ್ಟುವುದರ ಹೊಟ್ಟೆಯಲ್ಲಿ ಏನಿದೆ ಎಂದು ಬಿಚ್ಚಿ ನೋಡಿದರೆ ಭಯ ಹೋದೀತು ಎಂದುಕೊಂಡ. ಬಿಚ್ಚಿ ನೋಡಿದ. ಅದು ಎಷ್ಟೆಲ್ಲ ಕಡೆ ಕೆಡಬಹುದು ಎಂದು ಗೊತ್ತಾಗಿ, ಇದ್ದ ಭಯದ ಮೇಲೆ ಇನ್ನೊಂದಷ್ಟು ಸೇರಿತು. ರಿಪೇರಿ ಮಾಡಿದ ಗಾಡಿಯನ್ನು ಬೀದಿಯ ತಿರುವಿನವರೆಗೆ ಓಡಿಸಿ ನೋಡುತ್ತಿದ್ದ. ಅದರಾಚೆಗೆ ಗಿರಾಕಿಯ ಹಣೆಬರಹ.

ಹೆಂಡತಿ ಅವನಿಗೆ ತದ್ವಿರುದ್ಧ. ತನ್ನ ತಂದೆಯಿಂದ ಬಂದ ಹಳೆಯ ಡೀಸೆಲ್ ಪಿಕಪ್ಪನ್ನು ತಾನೇ ಓಡಿಸುತ್ತಿದ್ದಳು. ಬೆಳಿಗ್ಗೆ ಖಾಲಿ ಗ್ಯಾಸ್ ಸಿಲಿಂಡರುಗಳನ್ನು ಹೇರಿಕೊಂಡು ಗುಡ್ಡ ಹತ್ತಿಳಿದು ಆಚೆಯ ಗೋದಾಮಿಗೆ ಹೋಗುವುದು, ಮಧ್ಯಾಹ್ನ ತುಂಬಿದ ಸಿಲಿಂಡರುಗಳೊಂದಿಗೆ ಅದೇ ಗುಡ್ಡದಿಂದ ಊರಿಗೆ ಇಳಿಯುವುದು, ಇದು ಅವಳ ಕೆಲಸ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ, ನಡುವೆ ಎರಡು ಗಾಡಿ ಉಸಿರು ಬಿಗಿಹಿಡಿದು ದಾಟಬೇಕಾದ ರಸ್ತೆ. ಅವಳು ಮನೆಗೆ ಬಂದು ಚಪ್ಪಲಿ ಬಿಡುವವರೆಗೆ ಮೇಸ್ತ್ರಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಅವಳಿಗಾಗಿ ಎರಡು ಕಟ್ಟಳೆ ಮಾಡಿದ್ದ: ಗಾಡಿ ಓಡಿಸುವಾಗ ಫೋನು ಮುಟ್ಟಬಾರದು, ಇಂಜಿನ್ ಒಂಚೂರು ಕೆಮ್ಮಿದರೂ ಅಲ್ಲೇ ಬದಿಗೆ ನಿಲ್ಲಿಸಬೇಕು. ಅವಳು ನಕ್ಕು, ಎರಡನ್ನೂ ಪಾಲಿಸಿಕೊಂಡು ಬಂದಿದ್ದಳು.

ಹೀಗಿರುವಾಗ ಪಿಕಪ್ಪಿನ ಡೀಸೆಲ್ ಪಂಪಿನ ಸದ್ದು ಬದಲಾಯಿತು. ಟ್ಯಾಂಕಿನಿಂದ ಡೀಸೆಲ್ ಎಳೆದು ಇಂಜಿನ್ನಿಗೆ ಕಳಿಸುವ, ಮುಷ್ಟಿಗಾತ್ರದ ಎಲೆಕ್ಟ್ರಿಕ್ ಪಂಪು ಅದು. ಇಷ್ಟು ವರ್ಷ ಗುಂಯ್ ಎನ್ನುತ್ತಿದ್ದದ್ದು ಈಗ ನಡುನಡುವೆ ಕಿರ್ ಎನ್ನತೊಡಗಿತು. ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಮೇಸ್ತ್ರಿಗೆ ಊಟ ಸೇರಲಿಲ್ಲ.

"ಇಳಿಜಾರಲ್ಲಿ ಪಂಪು ನಿಂತ್ರೆ ಇಂಜಿನ್ನೂ ನಿಲ್ಲುತ್ತೆ. ಇಂಜಿನ್ ನಿಂತ್ರೆ ಸ್ಟೇರಿಂಗ್ ಕಲ್ಲು. ಬ್ರೇಕು ಒಂದೆರಡು ಸಲ ಹಿಡಿಯುತ್ತೆ, ಆಮೇಲೆ ಅದೂ ಇಲ್ಲ," ಎಂದ.

"ಆಮೇಲೆ ನಾನೂ ಇಲ್ಲ. ಅನ್ನ ಆರ್ತಾ ಇದೆ, ಉಣ್ಣಿ," ಎಂದಳು ಹೆಂಡತಿ.

ಬೇರೆ ಮೆಕ್ಯಾನಿಕ್ ಆಗಿದ್ದರೆ ಹಳೆಯ ಪಂಪು ಕಿತ್ತು ಹೊಸದನ್ನು ಕೂರಿಸಿ ಕೈತೊಳೆದುಕೊಳ್ಳುತ್ತಿದ್ದ. ಮೇಸ್ತ್ರಿ ಹೊಸ ಪಂಪು ತಂದನೇನೋ ಸರಿ, ಆದರೆ ಆ ಹೊಸದೂ ಕೈಕೊಟ್ಟರೆ? ಹೊಸ ತಟ್ಟೆಗಳನ್ನು ಕಪಾಟಿನಲ್ಲಿಟ್ಟು ಸೊಟ್ಟ ತಟ್ಟೆಯಲ್ಲೇ ಉಣ್ಣುವ ಮನೆಗಳಿಲ್ಲವೇ, ಹಾಗೆ ಅವನೂ ಹಳೆಯದನ್ನು ದಿನದ ಕೆಲಸಕ್ಕೆ ಉಳಿಸಿಕೊಂಡು ಹೊಸದನ್ನು ಆಪತ್ತಿಗೆಂದು ಪಕ್ಕದಲ್ಲಿ ಕೂರಿಸಲು ಹೊರಟ. ಎರಡಕ್ಕೂ ಬೇರೆ ಬೇರೆ ಪೈಪು, ಸ್ಟೇರಿಂಗ್ ಪಕ್ಕದಲ್ಲಿ ಒಂದು ಸ್ವಿಚ್. ಒಂದು ಸತ್ತರೆ ಸ್ವಿಚ್ ಹಾಕಿದ ಕೂಡಲೇ ಅದು ಬಂದಾಗಿ ಇನ್ನೊಂದು ಎದ್ದು ಕೂರುತ್ತದೆ.

ಇಡೀ ಭಾನುವಾರ ಅವನು ಗ್ಯಾರೇಜಿನಲ್ಲಿ ಗಾಡಿಯ ಅಡಿಯಲ್ಲಿ ಮಲಗಿದ್ದ. ಹೊಸ ಪಂಪಿನ ಎರಡು ಬಾಯಿಗಳಿಗೂ ಕಾರ್ಖಾನೆಯವರು ಒಳಗೆ ಕೂರುವಂಥ ಪುಟ್ಟ ರಬ್ಬರ್ ಬಿರಡೆ ತುರುಕಿ ಕಳಿಸಿದ್ದರು. ಅವನು ಮೊದಲೇ ಎರಡನ್ನೂ ಕಿತ್ತಿದ್ದ. ಆದರೆ ಪೈಪು ಕತ್ತರಿಸುವಾಗ ಮೇಲಿನಿಂದ ಒಣ ಕೆಸರಿನ ಪುಡಿ ಉದುರಿತು. ಒಂದು ಕಣ ಮಣ್ಣು ಪಂಪಿನೊಳಗೆ ಹೋದರೂ ಕೆಟ್ಟೀತಲ್ಲ ಎಂದು ಹೆದರಿ, ಡೀಸೆಲ್ ಎಳೆಯುವ ಬಾಯಿಗೆ ಬಿರಡೆಯನ್ನು ಮತ್ತೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಅಷ್ಟರಲ್ಲಿ ಅಮ್ಮ ಮನೆಯಿಂದ ಫೋನು ಮಾಡಿ ಊಟಕ್ಕೆ ಕರೆದಳು.

ಸಂಜೆ ಗಾಡಿಯನ್ನು ಮನೆಯ ಅಂಗಳಕ್ಕೆ ತಂದು, ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಸ್ವಿಚ್ ಹಾಕಿಸಿದ. ಹೊಸ ಪಂಪು ಗುಂಯ್ ಎಂದಿತು, ಇಂಜಿನ್ ಓಡುತ್ತಲೇ ಇತ್ತು. ಅವನ ಮುಖ ಅರಳಿತು.

"ಇನ್ಮೇಲೆ ಕೆಮ್ಮಿದ್ರೆ ನಿಲ್ಲಿಸೋದು ಬೇಡ, ಇವಳೇ. ಆ ತಿರುವುಗಳಲ್ಲಿ ನಿಲ್ಲಿಸೋದೇ ಅಪಾಯ, ಹಿಂದಿನೋರು ಬಂದು ಗುದ್ದುತಾರೆ. ಸ್ವಿಚ್ ಹಾಕು, ಹೋಗ್ತಾ ಇರು."

"ಆಯ್ತು ಮಹಾರಾಯ್ರೇ. ಈಗ ಆಫ್ ಮಾಡ್ಲಾ? ಹೊಗೆಗೆ ಅತ್ತೆ ಕೆಮ್ಮುತಿದಾರೆ."

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಹೊರಟಳು. ಮೇಸ್ತ್ರಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಹೊಟ್ಟೆ ತುಂಬ ತಿಂಡಿ ತಿಂದು ಗ್ಯಾರೇಜಿಗೆ ಬಂದ. ಶೀಟಿಯೊಂದು ಬಾಯಿಗೆ ತಾನಾಗಿ ಬಂತು. ಎದುರಿನ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಇಣುಕಿ ನೋಡಿದ.

ಮಧ್ಯಾಹ್ನ ನೆಲ ಗುಡಿಸುವಾಗ ಬೆಂಚಿನ ಬುಡದಿಂದ ಒಂದು ರಬ್ಬರ್ ಬಿರಡೆ ಉರುಳಿ ಬಂತು. ಅದನ್ನೆತ್ತಿ ಪಂಪಿನ ಖಾಲಿ ಡಬ್ಬಿಗೆ ಹಾಕಲು ಹೋದ. ಇದರ ಜೊತೆಯದು ಎಲ್ಲಿ ಎಂದುಕೊಂಡ. ಹೆಬ್ಬೆರಳಿನಿಂದ ಒತ್ತಿದ್ದು ನೆನಪಾಯಿತು. ತೆಗೆದದ್ದು ನೆನಪಾಗಲಿಲ್ಲ.

ಮಂಡಿಯೂರಿ ನೆಲವನ್ನೆಲ್ಲ ತಡಕಿದ. ಕಸವನ್ನು ಮತ್ತೆ ಹರವಿ ಬೆರಳಿನಿಂದ ಸೋಸಿದ. ಹಳೆಯ ಟೈರುಗಳನ್ನು ಎತ್ತಿ ನೋಡಿದ, ಅಂಗಿಯ ಜೇಬು, ಪ್ಯಾಂಟಿನ ಮಡಿಕೆ, ಗ್ರೀಸಿನ ಡಬ್ಬಿ ಎಲ್ಲ ನೋಡಿದ. ಬಿರಡೆ ಇಲ್ಲ. ಹಾಗಾದರೆ ನಿನ್ನೆ ಇಂಜಿನ್ ಓಡಿದ್ದು ಹೇಗೆ? ಉತ್ತರ ಅವನಿಗೇ ಹೊಳೆಯಿತು. ಫಿಲ್ಟರಿನಲ್ಲಿ ಉಳಿದಿದ್ದ ಡೀಸೆಲ್ಲಿನಿಂದ ಓಡಿತ್ತು. ಹೊಸ ಪಂಪು ಬಾಯಿ ಕಟ್ಟಿಸಿಕೊಂಡು ಸುಮ್ಮನೆ ಗುಂಯ್‌ಗುಟ್ಟಿತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅಲ್ಲೇ ಅಂಗಳದಲ್ಲೇ ನಿಂತು ಎಲ್ಲ ಬಯಲಾಗುತ್ತಿತ್ತು.

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಅವನಾದರೂ ತನ್ನ ಮೈಮೇಲೆ ಬಿಟ್ಟುಕೊಂಡಿದ್ದ. ಇವನು ಹೆಂಡತಿಯ ಗಾಡಿಯೊಳಗೆ ಬಿಟ್ಟಿದ್ದ. ಕೆಮ್ಮಿದರೆ ನಿಲ್ಲಿಸುವವಳನ್ನು ಕೂರಿಸಿಕೊಂಡು, ನಿಲ್ಲಿಸಬೇಡ, ಹೋಗು ಎಂದು ಪಾಠ ಹೇಳಿ ಕಳಿಸಿದ್ದ.

ಫೋನು ಮಾಡಿದ. ರಿಂಗಾಯಿತು, ಕೊನೆಯವರೆಗೂ ರಿಂಗಾಯಿತು. ಮತ್ತೆ ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಮುಟ್ಟಬಾರದೆಂದು ಆಣೆ ಹಾಕಿಸಿದವನು ಇವನೇ. ಅವಳೋ, ಮಾತು ಕೊಟ್ಟರೆ ತಪ್ಪುವವಳಲ್ಲ.

ಇಕ್ಕಳ, ಸ್ಕ್ರೂಡ್ರೈವರ್ ಜೇಬಿಗೆ ತುರುಕಿ ಟೈಲರನ ಅಂಗಡಿಗೆ ಓಡಿದ.

"ನಿನ್ನ ಸ್ಕೂಟರ್ ಕೊಡು."

"ಎಲ್ಲಿಗೆ, ಬೀದಿ ತಿರುವಿಗಾ?" ಟೈಲರ್ ಟೇಪನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತ ನಕ್ಕ.

"ಗುಡ್ಡಕ್ಕೆ."

ಟೈಲರ್ ಅವನ ಮುಖ ನೋಡಿದ. ನಗು ಅಲ್ಲೇ ನಿಂತಿತು. ಕೀಲಿ ಕೊಟ್ಟ.

ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಡಬಲ್ ಮೇಸ್ತ್ರಿ ಒಂದು ಬೀಗವನ್ನೂ ಹಾಕದೆ ಹೋದದ್ದನ್ನು ಬೀದಿ ಕಂಡದ್ದು ಅಂದೇ.

ಗುಡ್ಡದ ಮೊದಲ ತಿರುವು ಬಂತು. ಎದುರಿನಿಂದ ಇಳಿಯುವ ಲಾರಿಗಳ ಗಾಳಿಗೆ ಸ್ಕೂಟರ್ ಓಲಾಡುತ್ತಿತ್ತು. ಬಂಡೆಯ ಕಡೆಗೆ ಒತ್ತಿ ಹೋಗಬೇಕೆನಿಸಿದರೂ ಪ್ರತಿ ತಿರುವಿನಲ್ಲಿ ಆಳದ ಕಡೆಗೇ ಬಗ್ಗಿ ನೋಡುತ್ತಿದ್ದ. ಕೆಳಗೆ ಏನೋ ಹೊಳೆಯಿತು. ಬ್ರೇಕು ಹಾಕಿದ. ತಗಡಿನ ಡಬ್ಬಿ. ಇನ್ನೊಂದು ಕಡೆ ರಸ್ತೆಯಂಚಿನ ಕಲ್ಲುಕಂಬ ಮುರಿದಿತ್ತು. ಇಳಿದು ಮುಟ್ಟಿ ನೋಡಿದ, ಮುರಿದ ಜಾಗದಲ್ಲಿ ಪಾಚಿ ಬೆಳೆದಿತ್ತು. ಆ ಹಳೆಯ ಪಾಚಿಯನ್ನು ಕಂಡು ಅವನಿಗಾದ ಸಂತೋಷ ಹೇಳತೀರದು. ಯಾರದೋ ಹಳೆಯ ಸಂಕಟ ಅದು, ತನ್ನದಲ್ಲ.

ಮೇಲಿನಿಂದ ಬಂದ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದ. "ಗ್ಯಾಸ್ ತುಂಬಿದ ಪಿಕಪ್ ಏನಾದ್ರೂ ಕಂಡ್ರಾ ಅಣ್ಣ?"

"ಮೇಲೆ ಒಂದಿದೆ. ಬಂಡೆಗೆ ಒರಗಿ ನಿಂತಿದೆ."

"ಒಳಗಿದ್ದೋರು?"

ಹಿಂದಿನ ಗಾಡಿಗಳು ಹಾರ್ನ್ ಬಾರಿಸಿದವು. ಲಾರಿಯವನು ಏನೋ ಹೇಳುತ್ತಲೇ ಮುಂದೆ ಹೋದ, ಮಾತು ಸದ್ದಿನಲ್ಲಿ ಮುಳುಗಿಹೋಯಿತು. ಅಲ್ಲಿಂದ ಮುಂದಿನ ದಾರಿ ಮೇಸ್ತ್ರಿಗೆ ನೆನಪಿಲ್ಲ. ಮನಸ್ಸಿನಲ್ಲಿ ಒಂದೇ ಮಾತು ತಿರುಗುತ್ತಿತ್ತು: ನಾನೇ ಕೊಂದೆ.

ಪಿಕಪ್ಪು ಬಂಡೆಯ ಕಡೆ ಒರಗಿತ್ತು. ಪಕ್ಕದ ಬಣ್ಣವೆಲ್ಲ ಉದ್ದಕ್ಕೆ ಕೆರೆದುಹೋಗಿ, ಕನ್ನಡಿ ಕಿತ್ತು ತಂತಿಯಲ್ಲಿ ನೇತಾಡುತ್ತಿತ್ತು. ಸಿಲಿಂಡರುಗಳು ಸರಪಳಿಯೊಳಗೆ ನೆಟ್ಟಗೆ ನಿಂತಿದ್ದವು. ಅವಳು ಸೀಟಿನಲ್ಲೇ ಕೂತಿದ್ದಳು, ಎರಡೂ ಕೈ ಸ್ಟೇರಿಂಗ್ ಮೇಲೆ, ಕಣ್ಣು ಮುಂದಿನ ರಸ್ತೆಯ ಮೇಲೆ. ಬಾಗಿಲು ತೆರೆದರೂ ತಿರುಗಲಿಲ್ಲ.

"ನೀವು ಹೇಳಿದ ಹಾಗೇ ಮಾಡಿದೆ," ಎಂದಳು. "ಕೆಮ್ಮಿತು. ಸ್ವಿಚ್ ಹಾಕ್ದೆ. ನಿಲ್ಲಿಸಲಿಲ್ಲ. ಆಮೇಲೆ ಎಲ್ಲಾ ಒಟ್ಟಿಗೆ ಸತ್ತೋಯ್ತು. ಬಂಡೆಗೆ ಉಜ್ಜಿ ಉಜ್ಜಿ ನಿಲ್ಲಿಸ್ದೆ."

ಹೊಸ ಪಂಪು ಕಳಪೆ ಮಾಲು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. ಅವಳು ನಂಬುತ್ತಿದ್ದಳು, ಇಷ್ಟು ವರ್ಷ ನಂಬಿದ ಹಾಗೆ. ನಾಳೆಯೂ ಅವನು ಹೇಳಿದ್ದನ್ನು ನಂಬಿ ಇದೇ ಇಳಿಜಾರಿಗೆ ಬರುತ್ತಿದ್ದಳು.

"ಪಂಪಿನ ಬಾಯಿಗೆ ಬಿರಡೆ ಇತ್ತು. ನಾನೇ ಇಟ್ಟು, ತೆಗೆಯೋದು ಮರೆತೆ," ಎಂದ. "ನಂದೇ ತಪ್ಪು."

ಸ್ಟೇರಿಂಗ್ ಬಿಡು ಎಂದರೆ ಬಿಡಲು ಅವಳಿಂದಾಗಲಿಲ್ಲ, ಬೆರಳುಗಳು ಸೆಟೆದಿದ್ದವು. ಅವನು ಒಂದೊಂದೇ ಬೆರಳನ್ನು ಬಿಡಿಸಿದ. ಕಡೆಯ ಬೆರಳು ಬಿಟ್ಟಾಗ ಅವಳು ಮೊದಲ ಸಲ ಅವನ ಕಡೆ ನೋಡಿದಳು.

"ಇಲ್ಲಿಗೆ ಹೇಗೆ ಬಂದ್ರಿ?"

"ಟೈಲರನ ಸ್ಕೂಟರಲ್ಲಿ."

"ಈ ರಸ್ತೇಲಿ? ನೀವು?" ಅವಳು ನಗಲು ಹೋದಳು. ನಗು ಅರ್ಧಕ್ಕೇ ಅಳುವಾಯಿತು. "ನಂಗೂ ಹೆದರಿಕೆ ಆಗುತ್ತೆ ರೀ. ಇವತ್ತು ಅಂತ ಅಲ್ಲ. ಈ ಗುಡ್ಡಕ್ಕೆ ಬಂದ ದಿನ ಎಲ್ಲಾ ಆಗುತ್ತೆ."

"ಒಂದಿನಾನೂ ಹೇಳ್ಲಿಲ್ವಲ್ಲ ನೀನು."

"ಎಲ್ಲಿ ಹೇಳೋದು? ನಾನು ಬಾಯಿ ಬಿಡೋಷ್ಟರಲ್ಲಿ ನೀವು ಇಬ್ಬರ ಪಾಲಿಂದೂ ಹೆದರಿ ಮುಗಿಸಿರ್ತಿದ್ರಿ. ಮನೇಲಿ ಒಬ್ರಾದ್ರೂ ನಗಬೇಕಲ್ಲ ಅಂತ ನಗ್ತಿದ್ದೆ."

ಆ ಮನೆಯಲ್ಲಿ ಹೆದರಿಕೆಯ ಗುತ್ತಿಗೆ ಪೂರ್ತಿ ತನ್ನದೇ ಎಂದುಕೊಂಡಿದ್ದವನು ಮೇಸ್ತ್ರಿ. ಅವಳ ಕೈಗಳನ್ನು ತನ್ನ ಜಿಡ್ಡುಗೈಗಳಲ್ಲಿ ಹಿಡಿದು, ಬೆರಳುಗಳು ಸಡಿಲಾಗುವವರೆಗೂ ಉಜ್ಜುತ್ತ ನಿಂತ.

ಆಮೇಲೆ ಚಕ್ರಗಳಿಗೆ ಕಲ್ಲು ಕೊಟ್ಟು ಗಾಡಿಯ ಅಡಿಗೆ ನುಸುಳಿದ. ಪೈಪು ಬಿಚ್ಚಿದರೆ ಬಿರಡೆ ಅಲ್ಲೇ ಇತ್ತು, ಪಂಪು ಎಳೆದೆಳೆದು ಇನ್ನಷ್ಟು ಬಿಗಿಯಾಗಿ ಕೂತಿತ್ತು. ಕಿತ್ತು ಕಣಿವೆಗೆ ಎಸೆದ. ಪೈಪಿನೊಳಗಿನ ಗಾಳಿ ತೆಗೆದು ಇಂಜಿನ್ ಶುರು ಮಾಡಿಸಿ, ಒಂದು ಫಿಲ್ಟರ್ ತುಂಬ ಡೀಸೆಲ್ ಮುಗಿದು ಹೋಗುವಷ್ಟು ಹೊತ್ತು ಸುಮ್ಮನೆ ಓಡಲು ಬಿಟ್ಟ. ಈ ಸಲ ಆಫ್ ಮಾಡಿ ಎಂದು ಯಾರೂ ಹೇಳಲಿಲ್ಲ.

ಅವಳು ಕೀಲಿಯ ಕಡೆ ನೋಡಿ ತಲೆಯಾಡಿಸಿದಳು. "ನನ್ ಕೈಲಿ ಆಗಲ್ಲ ಇವತ್ತು. ನೀವೇ ಇಳಿಸಿ."

ತುಂಬಿದ ಸಿಲಿಂಡರುಗಳ ಗಾಡಿಯನ್ನು ಆ ಇಳಿಜಾರಿನಲ್ಲಿ ಇಳಿಸುವ ಮೊದಲು ಅವನು ಸರಪಳಿಯನ್ನು ಎರಡು ಸಲ ಜಗ್ಗಿ ನೋಡಿದ. ಸ್ಕೂಟರನ್ನು ಬಂಡೆಯ ಪಕ್ಕ ನಿಲ್ಲಿಸಿ, ಸೀಟು ಹತ್ತಿ, ಮೊದಲ ಗೇರಿನಲ್ಲಿ ಹೊರಟ. ಹಿಂದೆ ಸಿಲಿಂಡರುಗಳು ಒಂದಕ್ಕೊಂದು ತಾಗಿ ಠಣ್ಣೆಂದವು. "ಇವಳೇ, ನನಗೆ..." ಎಂದು ಅಭ್ಯಾಸಬಲದಿಂದ ಬಾಯಿ ತೆರೆದವನು ಉಳಿದದ್ದನ್ನು ನುಂಗಿಕೊಂಡ.

ಅವಳೇ ಮಾತು ಶುರು ಮಾಡಿದಳು. ಈ ತಿರುವಿನಲ್ಲಿ ಒಂದು ಸಲ ಬಸ್ಸೊಂದು ಮೈಮೇಲೇ ಬಂದಿತ್ತು, ಮನೆಗೆ ಬಂದು ತಲೆನೋವು ಎಂದು ಮಲಗಿದ್ದು ಅವತ್ತೇ. ಆ ಮರದ ಹತ್ತಿರ ಮಂಜು ಕವಿದು ರಸ್ತೆಯೇ ಕಾಣದೆ ಗಟ್ಟಿಯಾಗಿ ಅಮ್ಮನನ್ನು ಕರೆದಿದ್ದಳು. ವರ್ಷಗಟ್ಟಲೆ ಒಳಗಿಟ್ಟದ್ದನ್ನು ತಿರುವಿಗೊಂದರಂತೆ ತೆಗೆದು ಹೇಳುತ್ತಾ ಹೋದಳು.

"ಅಲ್ಲಿ ಕೆಳಗೆ, ಆ ಸೇತುವೆ ಹತ್ರ, ಒಂದಿನ ಬ್ರೇಕಿಂದ ಸುಟ್ಟ ವಾಸನೆ ಬಂತು," ಎಂದಳು. "ಇಳಿಯೋಕೂ ಭಯ, ಕೂರೋಕೂ ಭಯ."

ಮೇಸ್ತ್ರಿಯ ತೊಡೆ ಗಡಗಡ ನಡುಗುತ್ತಿತ್ತು. ಅವಳಿಗೆ ಕಾಣದಿರಲೆಂದು ಕಾಲನ್ನು ಬ್ರೇಕಿನ ಮೇಲೆ ಇನ್ನೂ ಗಟ್ಟಿಯಾಗಿ ಊರಿ, "ಆಮೇಲೆ?" ಎಂದು ಕೇಳಿದ.