ಬಾಗಿಲು ದಾಟದ ಗುಡಾಣ

ಎಂಬತ್ತರ ದಶಕದಲ್ಲಿ, ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದಾಗ, ಆಫೀಸಿನ ಕೆಲಸಕ್ಕೆಂದು ಒಮಾನಿನ ಉತ್ತರ ತುದಿಯ ಮುಸಂದಮ್‌ಗೆ ಹೋಗಿದ್ದೆ. ಅಲ್ಲಿ ಬೋಳು ಬೆಟ್ಟಗಳು ನೇರ ಸಮುದ್ರಕ್ಕೇ ಇಳಿಯುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ ನಾವು. ಅಲ್ಲಿನ ಆಡುಗಳು ಸೊಪ್ಪು ಸಿಗದೆ ದಡದಲ್ಲಿ ಒಣಹಾಕಿದ ಬೂತಾಯಿ ಮೀನನ್ನೇ ಮೇಯುತ್ತಿದ್ದವು.

ಬೆಟ್ಟದ ಮೇಲೆ ಒಬ್ಬ ಮುದುಕ ತನ್ನ ಕಲ್ಲಿನ ಮನೆ ತೋರಿಸಿದ. ಬಗ್ಗಿ ನುಸುಳಬೇಕಾದ ಬಾಗಿಲು, ಒಳಗೆ ನನ್ನ ಎದೆಯೆತ್ತರದ ಮಣ್ಣಿನ ಗುಡಾಣಗಳು. ಇವನ್ನು ಒಳಗೆ ಹೇಗೆ ತಂದಿರಿ ಎಂದು ನನ್ನ ಹರಕು ಅರಬಿಯಲ್ಲಿ ಕೇಳಿದೆ.

"ತರಲಿಲ್ಲ. ಮೊದಲು ಗುಡಾಣ ಇಟ್ಟೆವು, ಆಮೇಲೆ ಸುತ್ತ ಗೋಡೆ ಕಟ್ಟಿದೆವು," ಎಂದ.

ಬೇಸಗೆಯಲ್ಲಿ ಮನೆಯವರೆಲ್ಲ ಮೀನು ಹಿಡಿಯಲು ಬೆಟ್ಟದಿಂದ ಕಡಲ ದಡಕ್ಕೆ ಇಳಿದಾಗ ಧಾನ್ಯ ಅವುಗಳಲ್ಲೇ ಇರುತ್ತದಂತೆ. ಗುಡಾಣ ಹೊರಗೆ ಬರಬೇಕಾದರೆ ಮನೆಯನ್ನೇ ಒಡೆಯಬೇಕು.

ಮಸ್ಕತ್ತಿನಲ್ಲಿ ಏನೇ ಕೊಳ್ಳುವಾಗಲೂ ನಾನು ಕೇಳುತ್ತಿದ್ದುದು ಒಂದೇ ಮಾತು: "ಊರಿಗೆ ಹೋಗುವಾಗ ಕಾರ್ಟನಿನಲ್ಲಿ ಹಿಡೀತದಾ?" ಹೆಂಡತಿ ಅಂಗಳದಲ್ಲಿ ಮಲ್ಲಿಗೆ ನೆಡುತ್ತೇನೆಂದಾಗ, "ಹೋಗುವವರಿಗೆ ಗಿಡ ಯಾಕೆ ಮಾರಾಯ್ತಿ?" ಎಂದೆ. ಹೀಗೆ ಹೊರಟು ನಿಂತವರಂತೆಯೇ, ಮಕ್ಕಳು ಕಾಲೇಜು ಸೇರುವತನಕ ಅಲ್ಲೇ ಬದುಕಿದೆವು.

ತೊಂಬತ್ತರ ದಶಕದ ಕೊನೆಗೆ ನಿಜಕ್ಕೂ ಹೊರಟಾಗ ಮನೆ ಖಾಲಿ ಮಾಡಲು ಒಂದು ಬೆಳಗು ಸಾಕಾಯಿತು. ಬಾಗಿಲಲ್ಲಿ ತೂರದ ವಸ್ತು ಒಂದೂ ಇರಲಿಲ್ಲ.